ನೀಲವ್ವ ಮಾತು ಹಾಕಿದ ಸಿನಿಮಾ

ಹಸಿಮಣ್ಣಿನ ವಾಸನೆ ಮೂಗಿಗೆ ಬಿದ್ದರೆ ಬೇರೆಯವರಿಗೆ ಮೊದಲ ಮಳೆ ನೆನಪಾಗುತ್ತದಂತೆ. ನನಗೆ ವಿಡಿಯೋ ಕ್ಯಾಸೆಟ್ಟು ನೆನಪಾಗುತ್ತದೆ, ಅದರ ಬೆನ್ನಿಗೇ ಸಿಟ್ಟು ಬರುತ್ತದೆ.

ಹೋದ ಆಗಸ್ಟಿನಲ್ಲಿ ಸಂಬಂಧಿಕರ ಮದುವೆಯ ಮಾತುಕತೆಗೆಂದು ಖಾನಾಪುರಕ್ಕೆ ಹೋಗಿದ್ದೆ. ದಾರಿಯಲ್ಲಿ ರಿಕ್ಷಾ ಕೆಟ್ಟು ನಿಂತದ್ದು ಹಳೆಯ ಹಂಚಿನ ಕಾರ್ಖಾನೆಯೊಂದರ ಮುಂದೆ. ಭಟ್ಟಿ ಕುಸಿದಿದೆ, ಹಂಚು ಒಣಗಿಸುತ್ತಿದ್ದ ಉದ್ದನೆಯ ಶೆಡ್ಡಿನ ಮೇಲೆ ಬಳ್ಳಿ ಹಬ್ಬಿದೆ. ಆದರೆ ಅಂಗಳದಲ್ಲಿ ಯಾರೋ ಬಿಟ್ಟುಹೋದ ಮಣ್ಣಿನ ಗುಡ್ಡೆ ಮಳೆಯಲ್ಲಿ ನೆನೆದು ಅದೇ ವಾಸನೆ ಬಿಡುತ್ತಿತ್ತು. ಆ ವಾರವಷ್ಟೇ ನಾನು ದುಡ್ಡು ಕೊಟ್ಟು ಕೊಂಡಿದ್ದ ಸಿನಿಮಾವೊಂದು ನನ್ನ ಫೋನಿನಿಂದ ಮಾಯವಾಗಿತ್ತು. ಯಾಕೆಂದು ಕೇಳಿದ್ದಕ್ಕೆ, ನೀವು ಕೊಂಡದ್ದು ಸಿನಿಮಾ ಅಲ್ಲ, ಅದನ್ನು ನೋಡುವ ಅನುಮತಿ ಮಾತ್ರ, ಆ ಅನುಮತಿಯನ್ನು ನಾವು ಹಿಂದಕ್ಕೆ ಪಡೆದಿದ್ದೇವೆ ಎಂದು ಕಂಪನಿಯವರು ಬಹಳ ವಿನಯದಿಂದ ಉತ್ತರ ಬರೆದಿದ್ದರು. ಕೊಟ್ಟ ವಸ್ತುವನ್ನು ಹೇಳದೆ ಕೇಳದೆ ಮನೆಯಿಂದ ಎತ್ತಿಕೊಂಡು ಹೋದರೆ ಅದು ವ್ಯವಹಾರ. ನಾವು ಒಂದು ಪ್ರತಿ ಇಟ್ಟುಕೊಂಡರೆ ಕಳ್ಳತನ. ಈ ನ್ಯಾಯ ಹೊಸದಲ್ಲ. ಇದನ್ನು ನಾನು ಮೊದಲು ಕಂಡದ್ದು ಆ ಶೆಡ್ಡಿನಲ್ಲಿ.

ಯಾವ ವರ್ಷ? ಎಂಬತ್ತೈದು ಎಂದು ನಾನು ಹೇಳುತ್ತೇನೆ. ಆ ಶೆಡ್ಡಿನಲ್ಲಿ ಸಿನಿಮಾ ತೋರಿಸುತ್ತಿದ್ದ ಗೆಳೆಯ ದಸ್ತಗೀರ ಎಂಬತ್ತಾರು ಎನ್ನುತ್ತಾನೆ. ಇಬ್ಬರಿಗೂ ಪುರಾವೆ ಇಲ್ಲ. ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮಾಡಿದವನು ನಾನು. ನೆನಪನ್ನು ಅಳತೆಯ ಸಾಧನವೆಂದು ಒಪ್ಪಿಕೊಳ್ಳುವ ಅಭ್ಯಾಸ ನನಗಿಲ್ಲ. ದಸ್ತಗೀರನ ಟಿವಿಯ ಮೇಲೆ ನನ್ನ ಕಂಪ್ಯೂಟರ್ ಮೂಡಿಸುತ್ತಿದ್ದ ಕೆಂಪು ಅಂಚು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಟಿವಿ ಕಪ್ಪು-ಬಿಳುಪಿನದು ಎಂದು ದಸ್ತಗೀರ ಆಣೆ ಮಾಡಿ ಹೇಳುತ್ತಾನೆ. ಹಾಗಾದರೆ ನಾನು ನೋಡಿದ ಕೆಂಪು ಎಲ್ಲಿಂದ ಬಂತು? ಗೊತ್ತಿಲ್ಲ. ಆದ್ದರಿಂದ ಈ ಬರಹದಲ್ಲಿ ಬಣ್ಣಗಳನ್ನು ಯಾರೂ ನಂಬಬೇಕಾಗಿಲ್ಲ. ಮಾತುಗಳನ್ನು ನಂಬಬಹುದು, ಅವನ್ನು ಇನ್ನಿಬ್ಬರ ಹತ್ತಿರ ತಾಳೆ ನೋಡಿದ್ದೇನೆ.

ಆಗ ನಾನು ಬೆಳಗಾವಿಯ ಹಿಂದವಾಡಿಯಲ್ಲಿ ಬಾಡಿಗೆಯ ಕೋಣೆಯಲ್ಲಿದ್ದೆ. ಖಾನಾಪುರದ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕ. ಬೇಸಿಗೆಯಲ್ಲಿ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮಳೆ ಹಿಡಿದ ಮೇಲೆ ಅದು ಆಗದ ಮಾತು. ಖಾನಾಪುರದ ಮಳೆ ಬೆಳಗಾವಿಯ ಮಳೆಯಂತಲ್ಲ. ಶುರುವಾದರೆ ಕೊಡೆಯೊಳಗೂ ಸುರಿಯುತ್ತದೆ. ವಾರವಿಡೀ ಅಲ್ಲೇ ಉಳಿಯತೊಡಗಿದೆ. ನನ್ನ ಹತ್ತಿರ ಒಂದು ಪುಟ್ಟ ಕಂಪ್ಯೂಟರ್ ಇತ್ತು. ಧಾರವಾಡದ ಗೆಳೆಯನೊಬ್ಬ ಇಂಗ್ಲೆಂಡಿನಿಂದ ತರಿಸಿಕೊಂಡು, ಎರಡು ತಿಂಗಳಲ್ಲಿ ಬೇಸರ ಬಂದು ನನ್ನ ಕೈಗೆ ಕೊಟ್ಟಿದ್ದ. ಊಟದ ಡಬ್ಬಿಯ ಮುಚ್ಚಳದಷ್ಟು ದೊಡ್ಡದು, ರಬ್ಬರಿನ ಕೀಲಿಗಳು. ಅದಕ್ಕೆ ತನ್ನದೇ ಪರದೆ ಇಲ್ಲ, ಟಿವಿ ಬೇಕು. ಪ್ರೋಗ್ರಾಮು ತುಂಬಲು ಹಾಡು ಕೇಳುವ ಟೇಪ್ ರೆಕಾರ್ಡರ್ ಬೇಕು. ಕ್ಯಾಸೆಟ್ ಹಾಕಿದರೆ ಕೀಚು ಕೀಚು ಸದ್ದು ಮಾಡುತ್ತ ಪ್ರೋಗ್ರಾಮು ಒಳಗೆ ಹೋಗುತ್ತಿತ್ತು. ಮಧ್ಯೆ ಯಾರಾದರೂ ಲೈಟು ಹಾಕಿದರೆ ವೋಲ್ಟೇಜು ಕುಸಿದು ಎಲ್ಲ ಅಳಿಸಿಹೋಗಿ ಮತ್ತೆ ಮೊದಲಿಂದ.

ನನ್ನ ಹತ್ತಿರವಿದ್ದ ಪ್ರೋಗ್ರಾಮುಗಳೆಲ್ಲ ಪ್ರತಿಗಳ ಪ್ರತಿಗಳು. ಎರಡು ಟೇಪ್ ರೆಕಾರ್ಡರುಗಳ ನಡುವೆ ತಂತಿ ಸಿಕ್ಕಿಸಿದರೆ ಆಯಿತು. ಇದು ತಪ್ಪು ಎಂದು ಆಗಲೂ ಅನ್ನಿಸಿರಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಕಳ್ಳತನವೆಂದರೆ ನನ್ನ ಕೈಗೆ ಬಂದದ್ದು ನಿನ್ನ ಕೈಯಲ್ಲಿ ಇಲ್ಲದಿರುವುದು. ಇಲ್ಲಿ ಇಬ್ಬರ ಹತ್ತಿರವೂ ಇದೆ. ದೀಪದಿಂದ ದೀಪ ಹಚ್ಚಿಕೊಂಡವನನ್ನು ಯಾವ ಊರಿನಲ್ಲಿ ಕಳ್ಳ ಎಂದು ಹಿಡಿಯುತ್ತಾರೆ? ಆ ಪ್ರೋಗ್ರಾಮುಗಳನ್ನು ಬಿಚ್ಚಿ ಸಾಲು ಸಾಲಾಗಿ ಓದಿಯೇ ನಾನು ಕಂಪ್ಯೂಟರ್ ಕಲಿತದ್ದು. ಕಲಿಸುವವರು ಆ ಸುತ್ತಿನಲ್ಲಿ ಯಾರೂ ಇರಲಿಲ್ಲ.

ಟಿವಿಗಾಗಿ ಹುಡುಕುವಾಗ ದಸ್ತಗೀರ ಸಿಕ್ಕ. ಅವನ ಮನೆತನದವರು ತಲೆತಲಾಂತರದಿಂದ ಆ ಭಾಗದ ವ್ಯಾಪಾರಿಗಳು, ಮನೆಯಲ್ಲಿ ದಖನಿ ಉರ್ದು, ಬಜಾರಿನಲ್ಲಿ ಕನ್ನಡ ಮರಾಠಿ ಎರಡೂ. ಕುವೈತಿನಲ್ಲಿದ್ದ ಅವನ ಅಣ್ಣ ಒಂದು ಟಿವಿ, ಒಂದು ವಿಡಿಯೋ ಯಂತ್ರ ತಂದುಕೊಟ್ಟಿದ್ದ. ಮಳೆಗಾಲದಲ್ಲಿ ಟೂರಿಂಗ್ ಟಾಕೀಸಿನ ಡೇರೆ ಕಿತ್ತುಕೊಂಡು ಹೋಗುತ್ತದೆ. ಹಂಚಿನ ಕಾರ್ಖಾನೆಯೂ ನಿಲ್ಲುತ್ತದೆ, ಒದ್ದೆ ಹವೆಗೆ ಹಂಚು ಒಣಗುವುದಿಲ್ಲ. ಸಿನಿಮಾ ಇಲ್ಲದ ಊರು, ಖಾಲಿ ಬಿದ್ದ ಶೆಡ್ಡು. ದಸ್ತಗೀರ ಎರಡನ್ನೂ ಕೂಡಿಸಿದ. ಬೆಳಗಾವಿಯಿಂದ ಕ್ಯಾಸೆಟ್ ಬಾಡಿಗೆಗೆ ತಂದು ತೋರಿಸತೊಡಗಿದ. ಒದ್ದೆ ಹವೆಗೆ ಯಂತ್ರದೊಳಗೆ ಟೇಪು ಓದುವ ಹೆಡ್ಡಿಗೆ ಬೂಷ್ಟು ಹಿಡಿಯುತ್ತಿತ್ತು. ಅದನ್ನು ಸ್ಪಿರಿಟ್ಟಿನಿಂದ ಒರೆಸಿಕೊಡುವುದು ನನ್ನ ಕೆಲಸ, ಬೆಳಗಿನ ಹೊತ್ತು ಅವನ ಟಿವಿಗೆ ನನ್ನ ಕಂಪ್ಯೂಟರ್ ಹಚ್ಚಿಕೊಳ್ಳುವುದು ನನಗೆ ಸಿಕ್ಕ ಸವಲತ್ತು.

ಮಧ್ಯಾಹ್ನದ ಆಟ ಹೆಂಗಸರದ್ದು. ಭತ್ತದ ನಾಟಿ ಮುಗಿದು ಕೈ ಖಾಲಿಯಾದ ಮೇಲೆ ಶೆಡ್ಡು ತುಂಬತೊಡಗಿತು. ಅವರಲ್ಲಿ ಪಾರಿಶ್ವಾಡದ ನೀಲವ್ವ ಒಬ್ಬಳು. ಗಂಡ ಫಕೀರಪ್ಪ ಕುರಿ ಕಾಯುವವನು, ಮಳೆ ಜೋರಾದರೆ ಕುರಿ ಹೊಡೆದುಕೊಂಡು ಮಳೆ ಕಡಿಮೆ ಇರುವ ಸೀಮೆಗೆ ಹೋಗುತ್ತಿದ್ದ. ಈಕೆ ಖಾನಾಪುರದಲ್ಲಿ ತಂಗಿಯ ಮನೆಯಲ್ಲಿದ್ದು ಬೇಸಿಗೆಯಲ್ಲಿ ಹಂಚಿನ ಕೆಲಸ, ಮಳೆಗಾಲದಲ್ಲಿ ನಾಟಿ ಮಾಡುತ್ತಿದ್ದಳು. ದೊಡ್ಡ ಧ್ವನಿ, ಅದಕ್ಕಿಂತ ದೊಡ್ಡ ಜಂಬ. ತನ್ನಷ್ಟು ಚಂದ ಕಥೆ ಹೇಳುವವರು ಆ ತಾಲ್ಲೂಕಿನಲ್ಲೇ ಇಲ್ಲ ಎಂದು ಆಕೆಯೇ ಹೇಳಿಕೊಂಡು ತಿರುಗುತ್ತಿದ್ದಳು. ತೊಂದರೆಯೆಂದರೆ, ಅದು ನಿಜವಾಗಿತ್ತು.

ಸಿನಿಮಾ ಹಿಂದಿಯದು. ಗಿರಣಿ ಮಾಲೀಕನ ಮಗ ಬಡವರ ಹುಡುಗಿಯನ್ನು ಗುಟ್ಟಾಗಿ ಮದುವೆಯಾಗಿ, ರೈಲು ಅಪಘಾತದಲ್ಲಿ ನೆನಪು ಕಳೆದುಕೊಂಡು, ಅವಳನ್ನು ಮರೆತು, ಇನ್ನೊಬ್ಬಳ ಜೊತೆ ಹಿಮದಲ್ಲಿ ಹಾಡುವ ಕಥೆ. ಹೆಂಗಸರಲ್ಲಿ ಅರ್ಧ ಜನಕ್ಕೆ ಹಿಂದಿ ತಿಳಿಯದು. ಪಕ್ಕದವಳಿಗೆ ಪಿಸುಮಾತಿನಲ್ಲಿ ಹೇಳಲು ಶುರುಮಾಡಿದ ನೀಲವ್ವ, ಎರಡನೇ ಹಾಡಿಗೆ ಬರುವಷ್ಟರಲ್ಲಿ ಶೆಡ್ಡಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

"ನೋಡ್ರವ್ವಾ, ತಲಿಗಿ ಪೆಟ್ಟ ಬಿತ್ತಂದ್ರ ಹೇಣ್ತಿ ಒಬ್ಬಾಕಿನ್ನ ಮರೀತಾರ ಈ ಗಂಡಸರು. ಊಟಾ ಮರ್ಯಾಂಗಿಲ್ಲ, ಅಂಗಿ ಗುಂಡಿ ಹಾಕ್ಕೊಳ್ಳೂದು ಮರ್ಯಾಂಗಿಲ್ಲ."

"ಖರೇ ಏನ ನೀಲಕ್ಕಾ? ಡಾಕ್ಟರ ಹಂಗ ಅಂದ್ನ?"

"ಡಾಕ್ಟರೂ ಗಂಡಸನ ಅಲ್ಲೇನಬೇ? ಅಂವೇನ ಹೇಳ್ತಾನ!"

ಹಿಮದ ಹಾಡು ಬಂತು. "ಇಕಿ ಐಸಿನ್ಯಾಗ ಇಷ್ಟ ತೆಳ್ಳನ ಸೀರಿ ಉಟ್ಟು ಕುಣ್ಯಾಕತ್ತಾಳ. ನೆಗಡಿ ಆದ್ರ ಕಷಾಯ ಕಾಸಿ ಕೊಡಾಕ ಯಾರದಾರ? ಇಂವ ಕೊಡ್ತಾನೇನು? ಇಂವಗ ಒಲಿ ಎಲ್ಲೈತಿ ಅನ್ನೂದs ನೆನಪಿಲ್ಲ."

ಮರಾಠಿ ಹೆಂಗಸರ ಸಾಲಿಗೆ ತಿರುಗಿ ಅದನ್ನೇ ಮರಾಠಿಯಲ್ಲಿ, ಇನ್ನಷ್ಟು ಉಪ್ಪು ಖಾರ ಹಚ್ಚಿ ಹೇಳಿದಳು. ಆ ಸಾಲಿನಿಂದ "ಅಗ ಬಾಯಿ!" ಎಂಬ ಕೂಗು, ನಗು. ಕೊನೆಯಲ್ಲಿ ನಾಯಕನಿಗೆ ನೆನಪು ಮರಳುತ್ತದೆ. ಮೊದಲ ಹೆಂಡತಿ ಅಳುತ್ತ ಅವನ ಕಾಲಿಗೆ ಬೀಳುತ್ತಾಳೆ. ನೀಲವ್ವ ಮಾತ್ರ ಅವಳ ಬಾಯಲ್ಲಿ ಬೇರೆಯೇ ಮಾತು ಇಟ್ಟಳು: "ನಿನಗ ನೆನಪ ಬಂತಂತ ನಾ ಬರಬೇಕೇನೋ? ಈಗ ನಾ ಮರತೇನಿ."

"ಆಕಿ ಅಳಾಕತ್ತಾಳಲ್ಲಬೇ?"

"ನಗಿ ತಡೀಲಾರದ ಅಳಾಕತ್ತಾಳ. ಸರಿಯಾಗಿ ನೋಡು."

ಮರುದಿನ ಅದೇ ಸಿನಿಮಾಕ್ಕೆ ಅದೇ ಹೆಂಗಸರು, ಜೊತೆಗೆ ಇನ್ನಷ್ಟು ಜನ. ದಸ್ತಗೀರ ಟಿವಿಯ ಸದ್ದನ್ನು ಪೂರ್ತಿ ಇಳಿಸಿಬಿಟ್ಟ. ನೀಲವ್ವ ಬರದ ದಿನ ಹೆಂಗಸರು ಬಾಗಿಲಿನಿಂದಲೇ ಹೊರಳಿ ಹೋಗುತ್ತಿದ್ದರು.

ವಿಡಿಯೋ ಯಂತ್ರದ ಮೂಲೆಯಲ್ಲಿ ಯಾರೂ ಒತ್ತದ ಒಂದು ಗುಂಡಿ ಇತ್ತು. ಚಿತ್ರವನ್ನು ಹಾಗೆಯೇ ಬಿಟ್ಟು ಸದ್ದನ್ನು ಮಾತ್ರ ಅಳಿಸಿ, ಮೈಕಿನಿಂದ ಹೊಸ ಸದ್ದು ತುಂಬುವ ಗುಂಡಿ. ಕೈಪಿಡಿ ಓದುವ ಚಟ ನನ್ನದು. ಅದನ್ನು ಕಂಡ ದಿನ ನನಗೆ ನಿದ್ದೆ ಬರಲಿಲ್ಲ. ಬಾಡಿಗೆ ಕ್ಯಾಸೆಟ್ಟಿನ ಮೇಲೆ ಯಾರೂ ಏನೂ ತುಂಬಬಾರದೆಂದು ಅದರ ಬೆನ್ನಿನ ಪ್ಲಾಸ್ಟಿಕ್ಕಿನ ಚೂರನ್ನು ಮುರಿದಿರುತ್ತಾರೆ. ನಾವು ಸಿನಿಮಾವನ್ನು ಬೇರೆ ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡೆವು. ಅದಕ್ಕೆ ಇನ್ನೊಂದು ಯಂತ್ರ ಬೇಕಿತ್ತು, ದಸ್ತಗೀರನ ಷಡ್ಡಕ ಬೆಳಗಾವಿಯಿಂದ ಒಂದು ದಿನದ ಮಟ್ಟಿಗೆ ತಂದ. ಆಮೇಲೆ ನೀಲವ್ವನನ್ನು ಕರೆದು ಮೈಕಿನ ಮುಂದೆ ಕೂಡಿಸಿದೆವು.

ನೀಲವ್ವನ ಬಾಯಿ ಕಟ್ಟಿತು.

ಶೆಡ್ಡಿನಲ್ಲಿ ನಾನು, ದಸ್ತಗೀರ, ಆಕೆ ಮೂವರೇ. ಚಿತ್ರ ಓಡುತ್ತಿದೆ, ಆಕೆ ಮೈಕನ್ನು ಹಾವು ನೋಡಿದಂತೆ ನೋಡುತ್ತಿದ್ದಾಳೆ. "ಯಾರಿಗಿ ಹೇಳ್ಲಿ?" ಎಂದಳು. ಮೈಕಿಗೆ ಹೇಳು ಎಂದೆ. "ಅದೇನ ಹೂಂ ಅಂತೈತೇನ್ರಿ ಸರ? ಹೂಂ ಅನ್ನಾವರಿಲ್ಲದ ಕಥಿ ಹೇಳಿದ್ರ ದಾರಿ ತಪ್ಪತಾರಂತ ನಮ್ಮ ಮುತ್ಯಾ ಹೇಳ್ತಿದ್ದ." ಕಥೆ ಹೇಳುವಾಗ ಎದುರಿಗೆ ಒಬ್ಬರು ಕುಳಿತು ಹೂಂಗುಡಬೇಕು. ಆ ಸೀಮೆಯಲ್ಲಿ ಅದು ಕಥೆಯಷ್ಟೇ ಮುಖ್ಯ. ನಾನು ಹೂಂಗುಟ್ಟಿ ನೋಡಿದೆ. "ನೀವು ಪಾಠಾ ಕೇಳಿದಂಗ ಅಂತೀರಿ," ಎಂದುಬಿಟ್ಟಳು. ಕಡೆಗೆ ದಸ್ತಗೀರನ ತಾಯಿ ಬಂದು ಕುಳಿತರು. ಎಲ್ಲರೂ ಅವರನ್ನು ಅಮ್ಮಾಜಾನ್ ಎನ್ನುತ್ತಿದ್ದೆವು. ದಖನಿಯಲ್ಲಿ ಹೂಂ ಎನ್ನುವುದಕ್ಕೆ "ಹೌ" ಎನ್ನುತ್ತಾರೆ. "ಹೌ, ಫಿರ್ ಕ್ಯಾ ಹುವಾ?", ಮುಂದೇನಾಯಿತು, ಎಂದು ಅವರು ಒಂದು ಸಲ ಕೇಳಿದ್ದೇ ತಡ, ನೀಲವ್ವ ಹೊರಟಳು ನೋಡಿ, ಸಿನಿಮಾ ಮುಗಿಯುವವರೆಗೆ ಉಸಿರು ತೆಗೆದುಕೊಳ್ಳಲಿಲ್ಲ. ಹೀಗಾಗಿ ಆ ಕ್ಯಾಸೆಟ್ಟಿನಲ್ಲಿ ನೀಲವ್ವನ ಮಾತು, ನಡುನಡುವೆ ಅಮ್ಮಾಜಾನರ "ಹೌ", ಹಿಂದೆ ಹಂಚಿನ ಮೇಲೆ ಬೀಳುವ ಮಳೆ.

ಶುರುವಿನಲ್ಲಿ ಹೆಸರುಗಳು ಬರುವಾಗ ತನ್ನ ಹೆಸರನ್ನೂ ಹೇಳಬೇಕೆಂದು ಆಕೆ ಹಟ ಹಿಡಿದಿದ್ದಳು. ಹೇಳಿದಳು ಕೂಡ: "ಈ ಕಥಿ ಹೇಳಾಕಿ ಪಾರಿಶ್ವಾಡದ ನೀಲವ್ವ." ದುಡ್ಡಿನ ಮಾತನ್ನು ಆಕೆ ಯಾವತ್ತೂ ಎತ್ತಲಿಲ್ಲ. ಆಕೆಗೆ ಬೇಕಾದದ್ದು ಹೆಸರು. "ಅವರವ್ರದ ಹೆಸರ ಇಷ್ಟಿಷ್ಟ ಉದ್ದ ಹಾಕ್ಕೊಂಡಾರ. ದೀಪಾ ಹಿಡದಾಂವಂದೂ ಐತಿ ಅಂತ ನೀವs ಓದಿ ಹೇಳಿದ್ರಿ. ಮತ್ತ ಮಾತ ಹಾಕಿದಾಕಿಂದು ಬ್ಯಾಡೇನು?"

ಆದರೆ ನಮ್ಮ ಶೆಡ್ಡಿನಲ್ಲಿ, ಎಲ್ಲ ಶೆಡ್ಡುಗಳಲ್ಲೂ, ಹೆಸರುಗಳನ್ನು ಯಾರೂ ನೋಡುತ್ತಿರಲಿಲ್ಲ. ಕ್ಯಾಸೆಟ್ ಹಾಕಿದ ಕೂಡಲೇ ಜನ "ಮುಂದ ಓಡಸ್ರಿ" ಎಂದು ಕೂಗುತ್ತಿದ್ದರು. ತೋರಿಸುವವರು ಮುಂದಕ್ಕೆ ಓಡಿಸುತ್ತಿದ್ದರು. ಆ ಕ್ಯಾಸೆಟ್ ಪಾರಿಶ್ವಾಡದ ಒಂದು ಮದುವೆಗೆ ಹೋಗಿ ಬಂತು, ಅಲ್ಲಿ ಇಳಿಸಿಕೊಂಡ ಪ್ರತಿ ಯಾರದೋ ಕೈಯಲ್ಲಿ ಬೆಳಗಾವಿಗೆ ಹೋಯಿತು. ನಾವು ಬೇಸರಪಡಲಿಲ್ಲ. ಹೋಗಲಿ, ಜನ ಕೇಳಲಿ.

ದಸರೆಯ ಹೊತ್ತಿಗೆ ನೀಲವ್ವನ ತಂಗಿಯ ಸೊಸೆ ತವರಿನಿಂದ ಸುದ್ದಿ ತಂದಳು. ಬೈಲಹೊಂಗಲದ ಕಡೆ ಮನೆಮನೆಯಲ್ಲಿ ಆ ಸಿನಿಮಾ ಹಾಕುತ್ತಿದ್ದಾರೆ, ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದಾರೆ. ಆದರೆ ಅದನ್ನು ಮಾತಾಡಿದವಳು ಯಾವಳೋ ನಾಟಕ ಕಂಪನಿಯ ನಟಿ ಎಂದು ಎಲ್ಲರ ತಿಳಿವಳಿಕೆ. ನೀಲವ್ವ ಮರುದಿನ ಬೆಳಿಗ್ಗೆ ಕಾಲೇಜಿನ ಬಾಗಿಲಿಗೇ ಬಂದು ನಿಂತಳು. "ನಡೀರಿ ಸರ, ಬೆಳಗಾಂವಿಗಿ ಹೋಗೂಣು. ಯಾ ರಂಡಿಮಗಾ ನನ್ನ ಹೆಸರ ತಿಂದಾನ ನೋಡೂಣು."

ಕ್ಯಾಸೆಟ್ಟನ್ನು ಪ್ರತಿ ಮಾಡಿ ಹಂಚುತ್ತಿದ್ದ ಅಂಗಡಿ ಬೆಳಗಾವಿಯ ಪೇಟೆಯಲ್ಲಿತ್ತು. ಗಾಜಿನ ಬಾಗಿಲು, ತಂಪು ಗಾಳಿಯ ಯಂತ್ರ, ಗೋಡೆ ತುಂಬ ಕ್ಯಾಸೆಟ್ಟುಗಳು. ಮಾಲೀಕನಿಗೆ ಎಲ್ಲರೂ ಅಪ್ಪಾಸಾಹೇಬ ಎನ್ನುತ್ತಿದ್ದರು. ನಾವು ಕೇಳಿದಾಗ ಅವನೇ ಹೆಮ್ಮೆಯಿಂದ ಹಾಕಿ ತೋರಿಸಿದ. ಹೆಸರುಗಳ ಭಾಗವನ್ನು ಕತ್ತರಿಸಿ ಆ ಜಾಗದಲ್ಲಿ ತನ್ನ ಅಂಗಡಿಯ ಜಾಹೀರಾತು ತುಂಬಿದ್ದ. ಕೆಳಗೆ ಒಂದು ಪಟ್ಟಿ ಓಡುತ್ತಿತ್ತು: ಈ ಕ್ಯಾಸೆಟ್ಟಿನ ಎಲ್ಲ ಹಕ್ಕುಗಳೂ ನಮ್ಮವು, ಪ್ರತಿ ಮಾಡುವುದು ಶಿಕ್ಷಾರ್ಹ ಅಪರಾಧ. ಓದಿದ್ದನ್ನು ನಂಬಲಾರದೆ ನಾನು ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಓದಿದೆ.

"ಈ ಧ್ವನಿ ನಂದು," ಎಂದಳು ನೀಲವ್ವ.

"ಯಾರ ಅಂದ್ರು? ಪುರಾವಾ ಏನೈತಿ?"

ನೀಲವ್ವ ಟಿವಿಯ ಸದ್ದು ಇಳಿಸಿ, ಅಲ್ಲಿಯೇ ನಿಂತು ಶುರುಮಾಡಿದಳು. ಅದೇ ಮಾತು, ಅದೇ ಏರಿಳಿತ. ಅಂಗಡಿಗೆ ಬಂದಿದ್ದ ಗಿರಾಕಿಗಳು ಸುತ್ತ ನೆರೆದರು. ಒಬ್ಬ ಮುದುಕಿ ತನಗೇ ಅರಿವಿಲ್ಲದೆ ಹೂಂಗುಡತೊಡಗಿದಳು. ಅಪ್ಪಾಸಾಹೇಬ ಬೆವರಲಿಲ್ಲ. ನಗುತ್ತ ಚಹಾ ತರಿಸಿದ.

"ಆತವ್ವಾ, ಧ್ವನಿ ನಿಂದs. ಸಿನಿಮಾ ಯಾರದು? ನಿಮ್ಮ ಮಾವಂದೇನು? ಕೋರ್ಟಿಗಿ ಹೋಗ್ರಿ. ಮೊದಲ ಒಳಗ ಹೋಗಾವರು ನೀವು."

"ನಾ ಎಲ್ಲಿ ಕೋರ್ಟಿಗಿ ಹೋಗ್ತೀನಿ ಅಂದೆ? ನನ್ನ ಹೆಸರ ಹಾಕು ಅಂದ್ನಿ."

"ಹೆಸರ ಹಾಕಿದ್ರ ಯಾರ ತಗೋತಾರಬೇ? ನಾಟಕದಾಕಿ ಅಂದ್ರ ತಗೋತಾರ. ಕುರಿಕಾಯಾವನ ಹೇಣ್ತಿ ಅಂದ್ರ ತಗೋತಾರೇನು?"

ನಾನು ಅಲ್ಲಿ ಏನೇನೋ ಅಂದೆ. ಏನು ಎಂದು ನೆನಪಿಲ್ಲ. ಕೆಟ್ಟ ಮಾತೇ ಇರಬೇಕು, ಯಾಕೆಂದರೆ ನೀಲವ್ವ ನನ್ನನ್ನು ಬಹಳ ಮೆಚ್ಚಿಗೆಯಿಂದ ನೋಡಿದ್ದು ನೆನಪಿದೆ.

ಅಲ್ಲಿಂದ ಶಿವಬಸವ ನಗರದಲ್ಲಿದ್ದ ಪರಿಚಯದ ವಕೀಲರೊಬ್ಬರ ಮನೆಗೆ ಹೋದೆವು. ಒಳ್ಳೆಯ ಮನುಷ್ಯ. ಪುಸ್ತಕ ತೆಗೆದು ಓದಿ, ಕನ್ನಡಕ ಒರೆಸಿಕೊಂಡು ಹೇಳಿದರು: ಸಿನಿಮಾ ಮಾಡಿದವನಿಗೆ ಹಕ್ಕಿದೆ, ಹಾಡು ಬರೆದವನಿಗೆ ಇದೆ, ಗ್ರಾಮಫೋನ್ ತಟ್ಟೆ ಒತ್ತಿದ ಕಂಪನಿಗೆ ಇದೆ. ಬಾಯಿಂದ ಆಡಿದವರಿಗೆ ಇಲ್ಲ. "ಆಕಿ ಏನೂ ಬರದಿಲ್ಲಲ್ರೀ. ಮಾತ ಗಾಳಿ ಇದ್ದಂಗ. ಅದರಾಗ ಕದ್ದ ಸಿನಿಮಾದ ಮ್ಯಾಲೆ ಆಡಿದ ಮಾತು. ಸುಮ್ಮನ ಇರ್ರಿ." ಆಡುವವರಿಗೂ ಹಾಡುವವರಿಗೂ ತಮ್ಮ ಆಟ ಹಾಡುಗಳ ಮೇಲೆ ಹಕ್ಕಿದೆ ಎಂದು ಈ ದೇಶದ ಕಾನೂನು ಒಪ್ಪಿಕೊಂಡದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ. ಕಥೆ ಹೇಳುವವರೂ ಹೂಂಗುಡುವವರೂ ಸಾವಿರಾರು ವರ್ಷಗಳಿಂದ ಇದ್ದಾರೆ, ಕಾನೂನು ಬರೆದವರನ್ನೂ ಅವರೇ ತೊಟ್ಟಿಲಲ್ಲಿ ಮಲಗಿಸಿದ್ದು. ಆದರೂ ಪುಸ್ತಕದಲ್ಲಿ ಅವರಿಗೆ ಸಾಲು ಸಿಗಲಿಲ್ಲ, ತಟ್ಟೆ ಒತ್ತುವ ಯಂತ್ರಕ್ಕೆ ಸಿಕ್ಕಿತು. ಅವತ್ತು ಹತ್ತಿದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ದೀಪಾವಳಿ ಕಳೆದ ಮೇಲೆ ಪೊಲೀಸರು ಬಂದರು. ಬೆಳಗಾವಿಯ ಗಾಜಿನ ಬಾಗಿಲಿಗಲ್ಲ, ಖಾನಾಪುರದ ಶೆಡ್ಡಿಗೆ. ವಿಡಿಯೋ ಕಳ್ಳತನದ ಮೇಲೆ ಕಾನೂನು ಬಿಗಿಯಾಗಿದೆ ಎಂದು ಪತ್ರಿಕೆಗಳಲ್ಲಿ ಬರುತ್ತಿದ್ದ ಕಾಲ ಅದು. ಅಪ್ಪಾಸಾಹೇಬನೇ ಹೇಳಿಕಳಿಸಿದ ಎಂದು ನಾನು ಆಗ ಊರೆಲ್ಲ ಹೇಳಿಕೊಂಡು ತಿರುಗಿದೆ. ಅದಕ್ಕೆ ನನ್ನ ಹತ್ತಿರ ಆಗಲೂ ಆಧಾರವಿರಲಿಲ್ಲ, ಈಗಲೂ ಇಲ್ಲ. ಟಿವಿ, ಯಂತ್ರ, ಕ್ಯಾಸೆಟ್ಟುಗಳು ಎಲ್ಲ ಜೀಪಿಗೆ ಹೋದವು. ನನ್ನ ಕಂಪ್ಯೂಟರ್ ಕ್ಯಾಸೆಟ್ಟುಗಳೂ ದಸ್ತಗೀರನ ಟ್ರಂಕಿನಲ್ಲೇ ಇದ್ದವು. ಹವಾಲ್ದಾರ ಒಂದನ್ನು ಟೇಪ್ ರೆಕಾರ್ಡರಿಗೆ ಹಾಕಿ ಕೇಳಿದ. ಕೀಚು ಕೀಚು ಸದ್ದು ಬಂತು. ಅವನು ಬೆಚ್ಚಿ ಬಿದ್ದು ಬಂದ್ ಮಾಡಿದ.

"ಇದೇನ್ರೀ ಸರ, ದೆವ್ವಾ ಹಿಡದೈತಿ?"

ಕೆಟ್ಟುಹೋದ ಟೇಪು ಎಂದು ತಿಳಿದು, ಪಾಪ, ಅವನ್ನೆಲ್ಲ ನನ್ನ ಕೈಗೆ ಕೊಟ್ಟು ಹೋದ. ಅವುಗಳಲ್ಲಿ ಒಂದಾದರೂ ನನ್ನದಲ್ಲ, ಎಲ್ಲ ಯಾರೋ ಬರೆದದ್ದು. ನೀಲವ್ವ ತನ್ನ ಬಾಯಾರೆ ಆಡಿದ್ದು ಮಾತ್ರ ಸೀಲಾಗಿ ಠಾಣೆಗೆ ಹೋಯಿತು.

ಕೇಸು ದಸ್ತಗೀರನ ಮೇಲೆ ಮಾತ್ರ. ಶಿವಬಸವ ನಗರದ ವಕೀಲರೇ ಬಂದು ನಿಂತರು. ಮುಂಬಯಿಯಿಂದ ಸಿನಿಮಾ ಕಂಪನಿಯ ಪ್ರತಿನಿಧಿಯೊಬ್ಬ ಬಂದಿದ್ದ. ಕ್ಯಾಸೆಟ್ಟಿನಲ್ಲಿರುವುದು ತಮ್ಮ ಸಿನಿಮಾವೇ ಎಂದು ಅವನು ನೋಡಿ ಗುರುತಿಸಬೇಕು. ತಾಲ್ಲೂಕಿನ ಕೋರ್ಟಿನಲ್ಲಿ ವಿಡಿಯೋ ಎಲ್ಲಿಯದು? ಜಪ್ತಾದ ಯಂತ್ರವನ್ನೇ ತಂದು ಮೇಜಿನ ಮೇಲಿಟ್ಟರು. ಅದು ಠಾಣೆಯ ಮೂಲೆಯಲ್ಲಿ ಬಿದ್ದು ಹೆಡ್ಡು ಬೂಷ್ಟು ಹಿಡಿದಿತ್ತು. ಒರೆಸುವವರು ಊರಿನಲ್ಲಿ ಯಾರಿದ್ದಾರೆ ಎಂದು ಕೇಳಿದರಂತೆ. ನನ್ನನ್ನು ಕರೆಸಿದರು. ಆರೋಪಿಯ ಗೆಳೆಯ ನಾನು, ಸರಕಾರದ ಪರವಾಗಿ ಸ್ಪಿರಿಟ್ಟು ಹಚ್ಚಿ ಒರೆಸಿದೆ.

ಕೋರ್ಟಿಗೆ ಹೊರಡುವ ಮೊದಲು ವಕೀಲರು ನೀಲವ್ವನಿಗೆ ಕೈಮುಗಿದು ಹೇಳಿದ್ದರು: "ಯವ್ವಾ, ನೀ ಏನಾರ ಬಾಯಿ ಬಿಟ್ಟಿ ಅಂದ್ರ ನಿನ್ನ ಹೆಸರೂ ಕೇಸಿನ್ಯಾಗ ಬರತೈತಿ. ಹಿಂದ ಕುಂತು ಸುಮ್ಮನ ನೋಡು. ನಿನಗೂ ಈ ಕ್ಯಾಸೆಟ್ಟಿಗೂ ಏನೂ ಸಂಬಂಧಿಲ್ಲ."

"ಸಂಬಂಧಿಲ್ಲ?" ಎಂದಿದ್ದಳು ಆಕೆ.

ಸಿನಿಮಾ ಶುರುವಾಯಿತು. ಬೇರೆ ಕೇಸಿಗೆ ಬಂದಿದ್ದ ಕಕ್ಷಿದಾರರು, ಗುಮಾಸ್ತರು, ಜಮೀನಿನ ತಕರಾರಿನ ಎರಡೂ ಕಡೆಯವರು ಒಳಗೆ ನುಗ್ಗಿ ಗೋಡೆಗೆ ಒತ್ತಿಕೊಂಡು ನಿಂತರು. ನ್ಯಾಯಾಧೀಶರು ಮೊದಲು ಗಂಭೀರವಾಗಿದ್ದರು. ಅಂಗಿ ಗುಂಡಿಯ ಮಾತು ಬಂದಾಗ ಒಂದು ಕಡತವನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದರು. ಜನ ನಕ್ಕರು, ಜವಾನ ಗದರಿಸಿದ, ಆಮೇಲೆ ಜವಾನನೇ ನಕ್ಕ. ಮುಂಬಯಿಯವನು ಮಾತ್ರ ನಗಲಿಲ್ಲ. ಚಿತ್ರ ನಮ್ಮದೇ ಎಂದ. ಆದರೆ ಈ ಮಾತು ನಮ್ಮದಲ್ಲ, ನಮ್ಮ ನಾಯಕಿ ಕೊನೆಯಲ್ಲಿ ಗಂಡನನ್ನು ಕ್ಷಮಿಸುತ್ತಾಳೆ, ಇಲ್ಲಿ ಏನೋ ಬೈಯುತ್ತಿದ್ದಾಳೆ, ಇದು ನಮ್ಮ ಕಂಪನಿಗೆ ಅವಮಾನ ಎಂದ.

"ಹಾಗಾದರೆ ಈ ಮಾತು ಯಾರದು?" ಎಂದು ನ್ಯಾಯಾಧೀಶರು ಕೇಳಿದರು.

ದಸ್ತಗೀರ ನೆಲ ನೋಡಿದ. ವಕೀಲರು ಚಾವಣಿ ನೋಡಿದರು. ಯಾರದ್ದೂ ಅಲ್ಲದ ಮಾತಾಗಿ ಅದು ಅಲ್ಲಿಯೇ ಮುಗಿದುಹೋಗುತ್ತಿತ್ತು, ನಮಗೆಲ್ಲ ಅದೇ ಬೇಕಾಗಿತ್ತು.

"ನಂದ್ರೀ ಸಾಹೇಬರ."

ನೀಲವ್ವ ಹಿಂದಿನ ಬೆಂಚಿನಿಂದ ಎದ್ದು ನಿಂತಿದ್ದಳು.

"ಕುಂದರ್ಬೇ!" ಎಂದರು ವಕೀಲರು ಹಲ್ಲು ಕಚ್ಚಿ.

"ಯಾಕ ಕುಂದರ್ಲಿ? ಬೆಳಗಾಂವ್ಯಾಗ ನಂದಲ್ಲ ಅಂದ್ರು. ಹೊಂಗಲದಾಗ ಯಾವಕೀದೋ ಅಂದ್ರು. ನೀವು ಸಂಬಂಧಿಲ್ಲ ಅಂದ್ರಿ. ಈಗ ಇಷ್ಟ ದೊಡ್ಡ ಸಾಹೇಬರು ಯಾರದು ಅಂತ ಬಾಯಿಬಿಟ್ಟ ಕೇಳ್ಯಾರ. ಹೇಳಬ್ಯಾಡೇನು? ನಂದು. ಕಡೀ ಮಾತು ನಂದs. ಆ ಹುಡುಗಿ ಕ್ಷಮಾ ಮಾಡಬಾರದಿತ್ರಿ, ಅದಕ್ಕ ಮಾಡಸಲಿಲ್ಲ."

"ಇದರ ಪರಿಣಾಮ ಏನಂತ ಗೊತ್ತಿದೆಯೇನಮ್ಮ?" ಎಂದು ನ್ಯಾಯಾಧೀಶರು ಮೆತ್ತಗೆ ಕೇಳಿದರು. ಗದರಿಸುವ ಧ್ವನಿಯಲ್ಲ, ಆಕೆ ಕುಳಿತುಕೊಳ್ಳಲಿ ಎಂಬ ಧ್ವನಿ.

"ಗೊತ್ತೈತ್ರಿ. ಹೆಸರ ಬರೀತೀರಿ."

ನಾನೂ ಎದ್ದೆ. ಗುಂಡಿ ಒತ್ತಿದವನು ನಾನು ಎಂದೆ. ಅದು ಧೈರ್ಯವೆಂದು ಹೇಳಿಕೊಳ್ಳುವ ಆಸೆ ಇದೆ, ಆದರೆ ನಿಜವಾಗಿ ಅದು ರೇಗಿ ಬಂದದ್ದು. ಆಕೆ ನಿಂತಿರುವಾಗ ಕುಳಿತಿರುವುದು ಸಾಧ್ಯವಿರಲಿಲ್ಲ. ದಸ್ತಗೀರನ ಪ್ರಕಾರ ನಾನು ಇಂಗ್ಲಿಷಿನಲ್ಲಿ ದೊಡ್ಡ ಭಾಷಣವನ್ನೇ ಮಾಡಿದೆನಂತೆ. ನನಗೆ ಒಂದು ಪದವೂ ನೆನಪಿಲ್ಲ. ಕೇಸಿನಲ್ಲಿ ನಮ್ಮಿಬ್ಬರ ಹೆಸರನ್ನೂ ಸೇರಿಸಲು ಆದೇಶವಾಯಿತು. ಮುಂದಿನ ವರ್ಷ ಕಾಲೇಜು ನನ್ನನ್ನು ಮತ್ತೆ ಕರೆಯಲಿಲ್ಲ. ಕೇಸು ಕೊನೆಗೆ ಸಣ್ಣ ದಂಡ ಮತ್ತು ಕೋರ್ಟು ಏಳುವ ತನಕ ಅಲ್ಲೇ ಕುಳಿತಿರುವ ಶಿಕ್ಷೆಯಲ್ಲಿ ಮುಗಿಯಿತು. ಕ್ಯಾಸೆಟ್ಟನ್ನು ನಾಶಮಾಡಿದರು. ಅಪ್ಪಾಸಾಹೇಬನ ಅಂಗಡಿಯಲ್ಲಿ ಅದರ ಪ್ರತಿಗಳು ಎಷ್ಟೋ ದಿನ ಓಡುತ್ತಿದ್ದವು, ಕೆಳಗೆ ಆ ಎಚ್ಚರಿಕೆಯ ಪಟ್ಟಿಯೊಂದಿಗೆ. ಒಬ್ಬ ಹೆಂಗಸಿಗೆ ನೀನು ಮಾಡಿದ್ದು ನಿನ್ನದೇ ಎಂದು ಒಪ್ಪಿಕೊಳ್ಳಲು ಈ ಇಡೀ ವ್ಯವಸ್ಥೆಗೆ ಆರೋಪಿಯ ಸಾಲು ಬಿಟ್ಟು ಬೇರೆ ಜಾಗ ಇರಲಿಲ್ಲ. ನಾನು ಬದುಕಿನಲ್ಲಿ ಕಂಪ್ಯೂಟರುಗಳ ಜೊತೆ ಎಷ್ಟೋ ಹೊತ್ತು ಕಳೆದಿದ್ದೇನೆ, ಇಷ್ಟು ಕೆಟ್ಟದಾಗಿ ಬರೆದ ಪ್ರೋಗ್ರಾಮು ಇನ್ನೊಂದನ್ನು ಕಂಡಿಲ್ಲ.

ನಮ್ಮ ಹೆಸರು ಸೇರಿದ ನಂತರದ ಮೊದಲ ತಾರೀಖು ಚಳಿಗಾಲದ ಒಂದು ಬೆಳಿಗ್ಗೆ. ಕೋರ್ಟಿನ ಅಂಗಳ ತುಂಬ ಜನ. ಸಂತೆಗೆ ಬಂದವರೂ ಸುದ್ದಿ ಕೇಳಿ ಇತ್ತ ಹೊರಳಿದ್ದರು. ಶೆಡ್ಡಿನ ಹೆಂಗಸರು, ಕನ್ನಡದವರು ಮರಾಠಿಯವರು ಇಬ್ಬರೂ, ಅಮ್ಮಾಜಾನರನ್ನು ನಡುವೆ ಕೂಡಿಸಿಕೊಂಡು ಬೇವಿನ ಮರದ ಕೆಳಗೆ ಕುಳಿತಿದ್ದರು. ಫಕೀರಪ್ಪ ಕುರಿಗಳನ್ನು ಯಾರಿಗೋ ಒಪ್ಪಿಸಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದಿದ್ದ. ಜವಾನ ಜಗಲಿಗೆ ಬಂದು, ಅಂಗೈಯನ್ನು ಬಾಯಿಯ ಪಕ್ಕಕ್ಕೆ ಹಿಡಿದು ಕೂಗಿದ:

"ನೀಲವ್ವ ಫಕೀರಪ್ಪ ಕುರುಬರ! ಸಾಕೀನ ಪಾರಿಶ್ವಾಡ! ಹಾಜರ್!"

ನೀಲವ್ವ ಅವನಿಂದ ಎರಡು ಮಾರು ದೂರದಲ್ಲಿ ಕಂಬಕ್ಕೆ ಒರಗಿ ಎಲೆ ಅಡಿಕೆ ಜಗಿಯುತ್ತ ನಿಂತಿದ್ದಳು. ಅಲುಗಲಿಲ್ಲ. ಜವಾನ ಅಂಗಳದ ಕೊನೆಯವರೆಗೆ ಕೇಳುವಂತೆ ಎರಡನೆಯ ಸಲ ಕೂಗಿದ. ಮರದ ಕೆಳಗಿನ ಹೆಂಗಸರು ಒಬ್ಬರನ್ನೊಬ್ಬರು ನೋಡಿದರು.

"ಏನಬೇ, ಕಿವಿ ಕೇಳ್ಸಾಂಗಿಲ್ಲೇನು? ನಿನ್ನs ಕರ್ಯಾಕತ್ತಾರ, ಹೋಗು ಒಳಗ," ಎಂದರು ವಕೀಲರು.

"ಕೇಳಿಸ್ತ್ರಿ ವಕೀಲಸಾಹೇಬರ," ಎಂದಳು ನೀಲವ್ವ. "ಮೂರ ಸಲಾ ಕರೀಬೇಕಂತ ನಿಮ್ಮ ಕಾಯ್ದೇನ ಐತಂತಲ್ಲ. ಇನ್ನೊಂದ ಬಾಕಿ ಐತಿ, ಕರೀಲಿ ತಡೀರಿ."